ಇಂಜಿನ್ನಿನ ನೀರು ಎಲ್ಲಿ ಹೋಯಿತು?

ಬೇಸಗೆಯ ಮಧ್ಯಾಹ್ನ ಹಿರಿಯೂರಿನಿಂದ ಚಿತ್ರದುರ್ಗದ ಕಡೆಗೆ ಹೆದ್ದಾರಿಯಲ್ಲಿ ಬಂದವರು ಈ ನೋಟವನ್ನು ಕಂಡೇ ಇರುತ್ತಾರೆ. ರಸ್ತೆಯ ಅಂಚಿನಲ್ಲಿ ಹೊರೆ ಹೊತ್ತ ಲಾರಿಯೊಂದು ನಿಂತಿದೆ. ಅದರ ಮೂತಿಯಿಂದ ಉಗಿ ಏಳುತ್ತಿದೆ. ಕ್ಲೀನರ್ ಹುಡುಗ ಕ್ಯಾನು ಹಿಡಿದು ನೀರಿಗಾಗಿ ಹೊರಟಿದ್ದಾನೆ. ಕಣ್ಣಿಗೆ ಸಮತಟ್ಟಾಗಿ ಕಾಣುವ ಆ ದಾರಿ ನಿಜವಾಗಿ ನೂರು ಮೀಟರಿನಷ್ಟು ಮೇಲೇರುತ್ತದೆ. ಬಿಸಿಲು, ಹೊರೆ, ಏರು ಈ ಮೂರೂ ಕೂಡಿದಾಗ ಇಂಜಿನ್ನಿನಲ್ಲಿ ಅಡಗಿದ್ದ ಕಾಯಿಲೆ ಹೊರಬೀಳುವುದು ಸಹಜವೇ. ಹೊಳಲ್ಕೆರೆಯ ಕಣದಲ್ಲಿ ಮೆಕ್ಕೆಜೋಳ ಬಿಡಿಸುವ ಯಂತ್ರಕ್ಕೆ ಕಟ್ಟಿದ ಟ್ರಾಕ್ಟರಿಗೂ, ಹೊಸದುರ್ಗದ ದಾಳಿಂಬೆ ತೋಟದಲ್ಲಿ ಔಷಧಿ ಸಿಂಪಡಿಸುವ ಟ್ರಾಕ್ಟರಿಗೂ ಇದೇ ಗತಿ ಒದಗುವುದುಂಟು. ಎಲ್ಲೆಡೆಯಲ್ಲೂ ಚಿಕಿತ್ಸೆ ಒಂದೇ: ನೀರು ಸುರಿ, ಹೊರಡು. ಹತ್ತು ಮೈಲಿ ಹೋದ ಮೇಲೆ ಮತ್ತೆ ನಿಲ್ಲು, ಮತ್ತೆ ಸುರಿ.

ಹೀಗೆ ಸುರಿಯುವವರಲ್ಲಿ ಎಷ್ಟು ಜನ ಮೊದಲು ಸುರಿದ ನೀರು ಎಲ್ಲಿ ಹೋಯಿತೆಂದು ಕೇಳಿಕೊಳ್ಳುತ್ತಾರೆ? ಕೇಳಿಕೊಂಡವರು ಕೆಲವು ನೂರು ರೂಪಾಯಿಗಳ ಹೋಸ್ ಪೈಪಿನಲ್ಲಿ ಪಾರಾಗುತ್ತಾರೆ. ಕೇಳಿಕೊಳ್ಳದವರು ಬಿತ್ತನೆಯ ಹದ ಕೈತಪ್ಪುವ ಹೊತ್ತಿಗೆ ಇಂಜಿನ್ನು ಬಿಚ್ಚಿಸಿಕೊಂಡು, ಮೇಸ್ತ್ರಿಯ ಅಂಗಡಿಯ ಮುಂದೆ ಕುಳಿತಿರುತ್ತಾರೆ.

ಮೊದಲು ಈ ನೀರಿನ ಕೆಲಸವೇನೆಂದು ನೋಡೋಣ. ಸಿಲಿಂಡರಿನ ಒಳಗೆ ಡೀಸೆಲ್ ಉರಿಯುವ ಕ್ಷಣದಲ್ಲಿ ಅಲ್ಲಿನ ಅನಿಲದ ಶಾಖ ಎರಡು ಸಾವಿರ ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಸಿಲಿಂಡರನ್ನು ಮಾಡಿರುವ ಎರಕದ ಕಬ್ಬಿಣವಾದರೋ ಸುಮಾರು ೧೨೦೦ ಡಿಗ್ರಿಗೇ ಕರಗುವಂಥದು. ನಾವು ಕೊಟ್ಟ ಎಣ್ಣೆಯ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಚಕ್ರ ತಿರುಗಿಸುತ್ತದೆ, ಇನ್ನೊಂದು ಪಾಲು ಹೊಗೆಯೊಡನೆ ಹೊರಬೀಳುತ್ತದೆ, ಉಳಿದದ್ದರಲ್ಲಿ ಬಹುಭಾಗವನ್ನು ನೀರೇ ಹೊತ್ತು ಹೊರಗೆ ಹಾಕಬೇಕು. ವಾಟರ್ ಪಂಪು ಈ ನೀರನ್ನು ಸಿಲಿಂಡರುಗಳ ಸುತ್ತಲಿನ ಪೊಳ್ಳು ಜಾಗಕ್ಕೆ ತಳ್ಳುತ್ತದೆ. ಅದು ಮೇಲಿನ ಹೆಡ್ಡನ್ನು ಹಾದು, ಥರ್ಮೋಸ್ಟಾಟ್ ಎಂಬ ಬಾಗಿಲನ್ನು ದಾಟಿ ರೇಡಿಯೇಟರಿಗೆ ಬರುತ್ತದೆ. ಅಲ್ಲಿ ಫ್ಯಾನಿನ ಗಾಳಿಗೆ ಆರಿ ಮತ್ತೆ ಪಂಪಿಗೆ ಮರಳುತ್ತದೆ. ಬಂಡಿ ನಡೆಯುತ್ತಿರುವಷ್ಟು ಹೊತ್ತೂ ಈ ಪ್ರದಕ್ಷಿಣೆ ನಡೆಯುತ್ತಲೇ ಇರಬೇಕು.

ಇದರಲ್ಲಿ ಎಲ್ಲರೂ ಅಸಡ್ಡೆ ಮಾಡುವ ಭಾಗವೆಂದರೆ ರೇಡಿಯೇಟರಿನ ಮುಚ್ಚಳ. ಅದನ್ನು ಬರಿಯ ಮುಚ್ಚಳವೆಂದು ತಿಳಿಯಬಾರದು; ಅಡುಗೆಮನೆಯ ಕುಕ್ಕರಿನ ತೂಕದ ಗುಂಡಿನ ಕೆಲಸವನ್ನು ಅದು ಮಾಡುತ್ತದೆ. ಚಿತ್ರದುರ್ಗ ಸಮುದ್ರಮಟ್ಟಕ್ಕಿಂತ ಸುಮಾರು ೭೩೦ ಮೀಟರು ಎತ್ತರದಲ್ಲಿದೆ. ಆದಕಾರಣ ತೆರೆದ ಪಾತ್ರೆಯಲ್ಲಿ ಇಲ್ಲಿ ನೀರು ನೂರು ಡಿಗ್ರಿಗೆ ಮುಂಚೆಯೇ, ೯೭-೯೮ ಡಿಗ್ರಿಗೆ, ಕುದಿಯುತ್ತದೆ. ೦.೯ ಬಾರ್ ಎಂದು ಗುರುತು ಹಾಕಿದ ಮುಚ್ಚಳ ಸರಿಯಾಗಿ ಕುಳಿತಿದ್ದರೆ ಒಳಗಿನ ಒತ್ತಡ ಹೆಚ್ಚಿ, ಅದೇ ನೀರು ೧೧೭ ಡಿಗ್ರಿಯ ಆಸುಪಾಸಿನ ತನಕ ಕುದಿಯದೆ ನಿಲ್ಲುತ್ತದೆ. ಮುಚ್ಚಳದ ರಬ್ಬರು ಒಡೆದು ಒತ್ತಡ ನಿಲ್ಲದಿದ್ದರೆ ಈ ಇಪ್ಪತ್ತು ಡಿಗ್ರಿಗಳ ರಕ್ಷಣೆ ತಪ್ಪಿಹೋಗುತ್ತದೆ. ಇಂಜಿನ್ನು ಆರೋಗ್ಯವಾಗಿದ್ದರೂ ಏರಿನಲ್ಲಿ ನೀರು ಕುದಿದು ಚೆಲ್ಲುತ್ತದೆ. ಕಳೆದುಹೋದ ಮುಚ್ಚಳದ ಜಾಗಕ್ಕೆ ಬಟ್ಟೆ ತುರುಕಿ ಓಡಿಸುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು.

ಈಗ ರೋಗಪರೀಕ್ಷೆಗೆ ಬರೋಣ. ಇಂಜಿನ್ನು ಕಾಯುತ್ತದೆ ಎಂಬುದು ಜ್ವರ ಬಂದಿದೆ ಎಂಬಷ್ಟೇ ಮಾತು. ಅದು ಲಕ್ಷಣ, ರೋಗವಲ್ಲ. ಮೊದಲು ತಿಳಿಯಬೇಕಾದದ್ದು ನೀರು ಕಡಮೆಯಾಗಿ ಕಾಯುತ್ತಿದೆಯೋ, ನೀರು ತುಂಬಿದ್ದರೂ ಕಾಯುತ್ತಿದೆಯೋ ಎಂಬುದು. ಇದಕ್ಕೆ ಯಾವ ಉಪಕರಣವೂ ಬೇಡ. ಬೆಳಗ್ಗೆ ಇಂಜಿನ್ನು ಪೂರ್ತಿ ತಣ್ಣಗಿರುವಾಗ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ, ದಿನದ ಕೆಲಸವಾದ ಮೇಲೆ ರಾತ್ರಿಯೆಲ್ಲ ಆರಲು ಬಿಟ್ಟು, ಮರುದಿನ ಬೆಳಗ್ಗೆ ಅದೇ ಜಾಗದಲ್ಲಿ ನೋಡಿದರಾಯಿತು. ಬಿಸಿ ಇರುವಾಗ ನೋಡಿದ ಮಟ್ಟ ನಂಬಿಕೆಗೆ ಅರ್ಹವಲ್ಲ. ಕಾದ ನೀರು ಹಿಗ್ಗಿರುತ್ತದೆ.

ಮಟ್ಟ ಇಳಿದಿಲ್ಲ, ಆದರೂ ಕಾಯುತ್ತದೆ ಎಂದರೆ ಶಾಖ ಹೊರಗೆ ಹೋಗುವ ದಾರಿಯಲ್ಲಿ ಅಡ್ಡಿ ಇದೆ. ಕಣದಲ್ಲಿ ನಿಂತು ಕೆಲಸ ಮಾಡುವ ಟ್ರಾಕ್ಟರಿಗೆ ಓಟದ ಗಾಳಿ ಇಲ್ಲ, ಫ್ಯಾನೊಂದೇ ಗತಿ. ಆ ಫ್ಯಾನೇ ಮೆಕ್ಕೆಜೋಳದ ಹೊಟ್ಟನ್ನೂ ರವುದಿಯನ್ನೂ ಎಳೆದು ರೇಡಿಯೇಟರಿನ ಜಾಲರಿಗೆ ಮೆತ್ತುತ್ತದೆ. ಮುಂದಿನಿಂದ ನೋಡಿದರೆ ತೆಳ್ಳಗಿನ ಧೂಳಿನಂತೆ ಕಂಡರೂ ಒಳಗೆ ಕಂಬಳಿಯಂತೆ ಕೂತಿರುವುದುಂಟು. ತೊಳೆಯುವಾಗ ಗಾಳಿ ಬರುವ ದಿಕ್ಕಿಗೆ ಎದುರಾಗಿ, ಎಂದರೆ ಇಂಜಿನ್ನಿನ ಕಡೆಯಿಂದ ಹೊರಕ್ಕೆ, ಹದವಾದ ಒತ್ತಡದಲ್ಲಿ ನೀರನ್ನೋ ಗಾಳಿಯನ್ನೋ ಬಿಡಬೇಕು. ಮುಂದಿನಿಂದ ಜೋರಾಗಿ ಹೊಡೆದರೆ ಹೊಟ್ಟು ಇನ್ನೂ ಒಳಗೆ ಸೇರಿಕೊಳ್ಳುತ್ತದೆ, ಜಾಲರಿಯ ತೆಳು ರೆಕ್ಕೆಗಳೂ ಮಡಚಿಕೊಳ್ಳುತ್ತವೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿದಾಗ ಸುಮಾರು ಅರ್ಧ ಅಂಗುಲ ತಗ್ಗಿದರೆ ಸರಿ. ಅದಕ್ಕಿಂತ ಸಡಿಲವಾದರೆ ಫ್ಯಾನು ಜಾರುತ್ತದೆ, ಅದೇ ಬೆಲ್ಟು ನಡೆಸುವ ಇಂಜಿನ್ನುಗಳಲ್ಲಿ ವಾಟರ್ ಪಂಪೂ ಹಿಂದೆ ಬೀಳುತ್ತದೆ. ರೇಡಿಯೇಟರಿನ ಕೆಳಗಿನ ಹೋಸ್ ಪೈಪು ಹಳೆಯದಾಗಿ ಮೆತ್ತಗಾಗಿದ್ದರೆ, ವೇಗ ಹೆಚ್ಚಿಸಿದಾಗ ಪಂಪಿನ ಸೆಳೆತಕ್ಕೆ ಚಪ್ಪಟೆಯಾಗಿ ದಾರಿಯನ್ನೇ ಮುಚ್ಚಿಬಿಡುತ್ತದೆ. ನಿಂತಾಗ ನೋಡಿದರೆ ದುಂಡಗೇ ಇರುವುದರಿಂದ ಈ ಕಳ್ಳ ಸುಲಭವಾಗಿ ಸಿಕ್ಕುವುದಿಲ್ಲ.

ಥರ್ಮೋಸ್ಟಾಟಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಸಾಮಾನ್ಯವಾಗಿ ಎಂಬತ್ತು ಡಿಗ್ರಿಯ ಸುಮಾರಿಗೆ ತೆರೆಯಲಾರಂಭಿಸುವ ಈ ಬಾಗಿಲು ಅಂಟಿಕೊಂಡರೆ ಇಂಜಿನ್ನು ಕಾಯುತ್ತದೆ, ನಿಜ. ಆಗ ನಮ್ಮಲ್ಲಿ ಅನೇಕರು ಅದನ್ನು ಕಿತ್ತೆಸೆದು, ‘ಇದು ಚಳಿದೇಶದವರಿಗೆ, ನಮಗೇಕೆ?’ ಎನ್ನುತ್ತಾರೆ. ಈ ವಾದ ಸರಿಯಲ್ಲ. ಬಾಗಿಲಿಲ್ಲದ ಇಂಜಿನ್ನು ಹದವಾದ ಶಾಖಕ್ಕೆ ಬರದೆ ಎಣ್ಣೆ ಹೆಚ್ಚು ಕುಡಿಯುತ್ತದೆ, ಸಿಲಿಂಡರು ಬೇಗ ಸವೆಯುತ್ತದೆ. ಕೆಲವು ಇಂಜಿನ್ನುಗಳಲ್ಲಂತೂ ಥರ್ಮೋಸ್ಟಾಟ್ ತೆರೆದಾಗ ಒಳಗಿನ ಅಡ್ಡದಾರಿಯೊಂದನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಹಾಗೆಯೇ ಮರಳಿ, ಇಂಜಿನ್ನು ಮೊದಲಿಗಿಂತ ಹೆಚ್ಚು ಕಾಯುತ್ತದೆ. ಅನುಮಾನವಿದ್ದರೆ ಬಿಚ್ಚಿ, ದಾರದಲ್ಲಿ ಕಟ್ಟಿ, ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಒಲೆಯ ಮೇಲೆ ಕಾಯಿಸಿ. ಕಣ್ಣೆದುರೇ ತೆರೆದರೆ ಅದು ನಿರ್ದೋಷಿ.

ಇನ್ನು ನಮ್ಮ ಜಿಲ್ಲೆಗೆ ವಿಶೇಷವಾಗಿ ಅಂಟಿದ ಕಾರಣಕ್ಕೆ ಬರುತ್ತೇನೆ. ಅದು ಕೊಳವೆ ಬಾವಿಯ ಗಡಸು ನೀರು. ಸ್ನಾನದ ಹಂಡೆಯ ಒಳಮೈಯಲ್ಲಿ ಬೆಳೆಯುವ ಬಿಳಿಯ ಹಕ್ಕಳೆಯನ್ನು ನೋಡದ ಮನೆ ನಮ್ಮ ಸೀಮೆಯಲ್ಲಿ ವಿರಳ. ನೆಲದೊಳಗಿನ ನೀರಿನಲ್ಲಿ ಕರಗಿರುವ ಸುಣ್ಣದ ಅಂಶ, ನೀರು ಕಾದಾಗ ಕರಗಿ ನಿಲ್ಲಲಾರದೆ ಬಿಸಿಯಾದ ಗೋಡೆಗೆ ಅಂಟಿಕೊಳ್ಳುತ್ತದೆ. ಹಂಡೆಯಲ್ಲಾದರೆ ನೀರು ಕಾಯಲು ಒಂದೆರಡು ಕಟ್ಟಿಗೆ ಹೆಚ್ಚು ಬೇಕಾಗುತ್ತದೆ, ಅಷ್ಟೆ. ಇಂಜಿನ್ನಿನಲ್ಲಿ ಹಾಗಲ್ಲ. ಹಕ್ಕಳೆ ಕಬ್ಬಿಣಕ್ಕಿಂತ ಎಷ್ಟೋ ಪಾಲು ನಿಧಾನವಾಗಿ ಶಾಖವನ್ನು ಹಾಯಿಸುತ್ತದೆ. ಸಿಲಿಂಡರಿನ ಹೊರಮೈಗೆ ಅದು ರಗ್ಗು ಹೊದಿಸಿದಂತೆ. ಮೊಟ್ಟಮೊದಲು ಅದು ಕಟ್ಟುವುದು ಅತಿ ಬಿಸಿಯಾದ ಜಾಗದಲ್ಲಿ, ಎಂದರೆ ತಂಪು ಎಲ್ಲಕ್ಕಿಂತ ಹೆಚ್ಚು ಬೇಕಾದ ಹೆಡ್ಡಿನ ಸುತ್ತ.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಕುಡಿಯುವ ನೀರಿನ ಗಡಸುತನ ಲೀಟರಿಗೆ ೨೦೦ ಮಿಲಿಗ್ರಾಮಿನೊಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ ೬೦೦ರ ತನಕ ನಡೆದೀತು ಎಂದು ಭಾರತೀಯ ಮಾನಕ ಹೇಳುತ್ತದೆ. ನಿಮ್ಮ ಬಾವಿಯದು ೫೦೦ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಲೀಟರು ಉಗಿಯಾಗಿ ಹೋಗಿ, ಅಷ್ಟನ್ನೇ ಮತ್ತೆ ತುಂಬಿಸುತ್ತಿದ್ದರೆ ದಿನಕ್ಕೊಂದು ಗ್ರಾಮು ಸುಣ್ಣ ಒಳಗೆ ಉಳಿಯಿತು. ಮುನ್ನೂರು ದಿನಕ್ಕೆ ಮುನ್ನೂರು ಗ್ರಾಮು. ಹೆಂಚಿನ ಚೂರಿನಂಥ ಆ ಪದಾರ್ಥ ಸಿಲಿಂಡರಿನ ಗೋಡೆಗೂ ರೇಡಿಯೇಟರಿನ ಸಣ್ಣ ಕೊಳವೆಗಳಿಗೂ ಹಂಚಿಹೋಗುತ್ತದೆ. ನೀರನ್ನು ಒಮ್ಮೆ ತುಂಬಿ ಮುಚ್ಚಿದರೆ ಇಷ್ಟು ಸುಣ್ಣ ಸೇರುವುದಿಲ್ಲ. ಸೇರಿಸುವುದು ದಿನದಿನದ ಮೇಲುಭರ್ತಿಯೇ. ಸಣ್ಣ ಸೋರಿಕೆಯನ್ನು ಸಣ್ಣದೆಂದು ಬಿಟ್ಟು ನೀರು ಹಾಕುತ್ತ ಹೋದವನ ಇಂಜಿನ್ನಿಗೆ ಎರಡನೆಯ ರೋಗವೂ ಅಂಟುವುದು ಹೀಗೆ.

ಹಳೆಯ ತಲೆಮಾರಿನ ರೈತರಿಗೆ ಇದರ ಪರಿಚಯ ಬೇರೆ ರೀತಿಯಲ್ಲಿತ್ತು. ತೆರೆದ ಬಾವಿಗಳ ಮೇಲೆ ಡೀಸೆಲ್ ಪಂಪುಸೆಟ್ಟುಗಳು ಬಡಿಯುತ್ತಿದ್ದ ಕಾಲದಲ್ಲಿ ಎಷ್ಟೋ ಇಂಜಿನ್ನುಗಳಿಗೆ ರೇಡಿಯೇಟರೇ ಇರಲಿಲ್ಲ. ಪಂಪು ಎತ್ತಿದ ನೀರಿನದೇ ಒಂದು ಕವಲು ಇಂಜಿನ್ನಿನ ಮೈಯನ್ನು ಹಾದು ಕಾಲುವೆಗೆ ಬೀಳುತ್ತಿತ್ತು. ಬೀಳುವ ನೀರಿಗೆ ಕೈಯೊಡ್ಡಿ, ಬಿಸಿ ತಾಕಬೇಕು, ಸುಡಬಾರದು ಎಂದು ಹದ ನೋಡುತ್ತಿದ್ದರು. ಕೂಲಂಟು, ಗೇಜು ಒಂದೂ ಇಲ್ಲದೆ ಆ ಕೈಯೇ ಉಷ್ಣಮಾಪಕವಾಗಿತ್ತು. ಆದರೆ ಪ್ರತಿ ಗಂಟೆಯೂ ಹೊಸ ಗಡಸು ನೀರು ಹಾಯುತ್ತಿದ್ದುದರಿಂದ ಹಕ್ಕಳೆಯೂ ದಪ್ಪವಾಗಿ ಕಟ್ಟುತ್ತಿತ್ತು. ತೀರ ತಣ್ಣಗಿನ ನೀರು ಹಾಯ್ದರೆ ಸಿಲಿಂಡರು ಸವೆಯುತ್ತಲೂ ಇತ್ತು.

ವಿಚಿತ್ರವೆಂದರೆ ಕಡಲಿನ ಮೇಲೆ ಹೋಗುವ ದೋಣಿಗಳ ವ್ಯವಸ್ಥೆ ಇದಕ್ಕೆ ಬಹಳ ಹತ್ತಿರ. ಗಾಳಿ ಬೀಳದಾಗ ನಡೆಸಲೆಂದು ಹಾಯಿದೋಣಿಗಳಲ್ಲೂ ಚಿಕ್ಕ ಡೀಸೆಲ್ ಇಂಜಿನ್ನು ಇಟ್ಟಿರುತ್ತಾರೆ. ದೋಣಿಯ ಸುತ್ತ ನೀರಿಗೇನು ಬರ? ಆದರೆ ಅದು ಉಪ್ಪುನೀರು. ಅದಕ್ಕಾಗಿ ಇಂಜಿನ್ನಿನ ಒಳಗೆ ಸಿಹಿನೀರನ್ನೇ ಸುತ್ತಿಸಿ, ಆ ಸಿಹಿನೀರನ್ನು ಆರಿಸಲು ಮಾತ್ರ ಕಡಲನೀರನ್ನು ಬೇರೆ ಕೊಳವೆಗಳಲ್ಲಿ ಹಾಯಿಸುವ ಏರ್ಪಾಡು ಬಹುತೇಕ ಕಡೆ ಇದೆ. ಇಂಜಿನ್ನು ಚಾಲೂ ಮಾಡಿದೊಡನೆ ನಾವಿಕ ದೋಣಿಯ ಅಂಚಿನಿಂದ ಬಗ್ಗಿ, ಹೊಗೆಯ ಕೊಳವೆಯಿಂದ ನೀರು ಚಿಮ್ಮುತ್ತಿದೆಯೇ ಎಂದು ನೋಡುತ್ತಾನೆ. ನಮ್ಮ ಬಾವಿಯ ರೈತ ಕೈಯೊಡ್ಡಿದ ಹಾಗೆಯೇ ಇದೂ. ಉಪ್ಪುನೀರನ್ನು ಇಂಜಿನ್ನಿಗೆ ಸೋಕಿಸಬಾರದೆಂದು ಕಡಲಿನವರು ಇಷ್ಟು ಪಾಡು ಪಡುತ್ತಿರುವಾಗ, ಬಯಲುಸೀಮೆಯ ನಾವು ಸುಣ್ಣದ ನೀರನ್ನು ಕೈಯಾರೆ ಸುರಿಯುತ್ತಿದ್ದೇವೆ.

ಇನ್ನು ನೀರು ನಿಜವಾಗಿ ಕಡಮೆಯಾಗುವ ಪಕ್ಷ. ಅದು ಹೊರಗೆ ಸೋರುತ್ತಿರಬೇಕು, ಇಲ್ಲವೆ ಒಳಗೆ. ಹೊರಗಿನ ಸೋರಿಕೆಯನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ರಾತ್ರಿ ಇಂಜಿನ್ನಿನ ಕೆಳಗೆ ಹಳೆಯ ವೃತ್ತಪತ್ರಿಕೆಗಳನ್ನು ಹಾಸಿಟ್ಟರೆ ಬೆಳಗ್ಗೆ ಹನಿ ಬಿದ್ದ ಜಾಗ ತಾನೇ ಹೇಳುತ್ತದೆ. ಬಿಸಿ ಇಂಜಿನ್ನಿನ ಮೇಲೆ ಸೋರಿದ ನೀರು ಕೆಳಗೆ ಬೀಳುವ ಮುಂಚೆಯೇ ಆರಿಹೋಗುವುದೂ ಉಂಟು. ಆಗ ಅದು ಬಿಟ್ಟುಹೋದ ಬಿಳಿಯ ಅಥವಾ ಹಸುರು ಕಲೆಯನ್ನು ನೋಡಬೇಕು. ಹೋಸ್ ಪೈಪಿನ ಕ್ಲಿಪ್ಪಿನ ಬಳಿ, ರೇಡಿಯೇಟರಿನ ಅಂಚಿನ ಬೆಸುಗೆಯಲ್ಲಿ, ಬ್ಲಾಕಿನ ಪಕ್ಕದ ಬಿಲ್ಲೆಗಳ ಸುತ್ತ. ವಾಟರ್ ಪಂಪಿನ ಹೊಟ್ಟೆಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಪಂಪಿನ ಒಳಗಿನ ಸೀಲು ಹಾಳಾದರೆ ಮೊದಲ ಹನಿ ಅಲ್ಲಿಂದ ಬರಲೆಂದೇ ತಯಾರಕರು ಅದನ್ನು ಇಟ್ಟಿರುವುದು. ಆ ತೂತಿಗೆ ಎಂ-ಸೀಲು ಮೆತ್ತಿ ‘ಸೋರಿಕೆ ನಿಲ್ಲಿಸಿದ’ ಪಂಪುಗಳುಂಟು. ಜ್ವರ ಬಂದವನ ಬಾಯಿ ಮುಚ್ಚಿಸಿದ ಹಾಗಾಯಿತು. ನೀರು ಅಲ್ಲಿಂದ ಬೇರಿಂಗಿಗೆ ಹೋಗಿ, ಒಂದು ದಿನ ಪಂಪು ಫ್ಯಾನಿನ ಸಮೇತ ಕಳಚಿ ರೇಡಿಯೇಟರನ್ನೇ ಹರಿಯಬಹುದು.

ಕೆಲವು ಸೋರಿಕೆಗಳು ಒತ್ತಡ ಬಂದಾಗ ಮಾತ್ರ ತೆರೆಯುತ್ತವೆ. ಅವಕ್ಕೆ ಮೇಸ್ತ್ರಿಗಳ ಬಳಿ ಕೈಪಂಪಿನ ಉಪಕರಣವಿದೆ. ತಣ್ಣಗಿನ ಇಂಜಿನ್ನಿನ ರೇಡಿಯೇಟರಿನ ಬಾಯಿಗೆ ಅದನ್ನು ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು ಹದಿನೈದು ನಿಮಿಷ ಕಾಯಬೇಕು. ಮುಳ್ಳು ಅಲುಗದಿದ್ದರೆ ಹೊರಗೆ ಸೋರಿಕೆ ಇಲ್ಲ. ಮುಳ್ಳು ಇಳಿದರೂ ಎಲ್ಲಿಯೂ ಹನಿ ಕಾಣದಿದ್ದರೆ ಮನಸ್ಸು ಗಟ್ಟಿಮಾಡಿಕೊಳ್ಳಿ. ನೀರು ಒಳಗೆ ಹೋಗುತ್ತಿದೆ.

ದಾರಿಯಲ್ಲಿ ರೇಡಿಯೇಟರು ತೂತಾದರೆ ಒಂದು ಹಿಡಿ ಅರಿಸಿನ ಪುಡಿ ಹಾಕುವ ಪದ್ಧತಿ ಲಾರಿಯವರಲ್ಲಿದೆ. ನಾನು ಅದನ್ನು ಹೀಯಾಳಿಸುವುದಿಲ್ಲ. ಪುಡಿ ಉಬ್ಬಿ ಸಣ್ಣ ತೂತನ್ನು ಮುಚ್ಚುವುದರಿಂದ ಮುಂದಿನ ಊರು ಸೇರಬಹುದು. ಊರು ಸೇರಿದ ಮೇಲೆ ರೇಡಿಯೇಟರನ್ನು ಬೆಸೆಯಿಸಿ ಎಲ್ಲವನ್ನೂ ತೊಳೆಸದಿದ್ದರೆ, ತೂತು ಮುಚ್ಚಿದ ಪುಡಿಯೇ ಒಳ್ಳೆಯ ಕೊಳವೆಗಳನ್ನೂ ಮುಚ್ಚುತ್ತದೆ.

ಒಳಗಿನ ಸೋರಿಕೆಯಲ್ಲಿ ಪ್ರಸಿದ್ಧವಾದದ್ದು ಹೆಡ್ ಗ್ಯಾಸ್ಕೆಟ್ಟು ಹೋಗುವುದು. ಇದರ ಗುರುತುಗಳು ಒಂದೊಂದಾಗಿ ಸಿಗುತ್ತವೆ. ತಣ್ಣಗಿನ ಇಂಜಿನ್ನನ್ನು ಚಾಲೂ ಮಾಡಿದ ಒಂದು ನಿಮಿಷದೊಳಗೇ ಮೇಲಿನ ಹೋಸ್ ಪೈಪು ಕಲ್ಲಿನಂತೆ ಬಿಗಿದರೆ ಅನುಮಾನ ಪಡಬೇಕು. ನೀರು ಇನ್ನೂ ಕಾಯದಿರುವಾಗ ಒತ್ತಡ ಬಂದದ್ದು ಎಲ್ಲಿಂದ? ಸಿಲಿಂಡರಿನ ಅನಿಲವೇ ನೀರಿಗೆ ನುಗ್ಗುತ್ತಿರಬೇಕು. ತಣ್ಣಗಿರುವಾಗಲೇ ಮುಚ್ಚಳ ತೆಗೆದು, ನೀರು ತುಂಬಿ, ಇಂಜಿನ್ನನ್ನು ಮೆಲ್ಲಗೆ ಓಡಿಸಿದರೆ ಗುಳ್ಳೆಗಳು ಎಡೆಬಿಡದೆ ಬರುತ್ತವೆ. ಆರಂಭದಲ್ಲಿ ನಾಲ್ಕಾರು ಗುಳ್ಳೆ ಬಂದು ನಿಂತರೆ ಅದು ಸಿಕ್ಕಿಬಿದ್ದ ಗಾಳಿ, ಭಯವಿಲ್ಲ. ಇಂಜಿನ್ನು ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಕೂಲಂಟಿನ ಸಿಹಿ ವಾಸನೆ ಇನ್ನೊಂದು ಗುರುತು. ಗ್ಯಾಸ್ಕೆಟ್ಟು ಬಿಟ್ಟ ಸಿಲಿಂಡರಿನಲ್ಲಿ ರಾತ್ರಿ ನೀರು ತುಂಬಿದ್ದರೆ ಬೆಳಗ್ಗೆ ಸ್ಟಾರ್ಟರು ತಿರುಗದೆ ಕಚ್ಚಿಕೊಳ್ಳುತ್ತದೆ. ಆಗ ಟ್ರಾಕ್ಟರನ್ನು ಇಳಿಜಾರಿನಲ್ಲಿ ತಳ್ಳಿ ಚಾಲೂ ಮಾಡುವ ಸಾಹಸ ಬೇಡ. ನೀರನ್ನು ಒತ್ತಿ ಕುಗ್ಗಿಸಲಾಗದು, ಕನೆಕ್ಟಿಂಗ್ ರಾಡು ಬಾಗುತ್ತದೆ.

ನೀರು ಆಯಿಲಿಗೆ ಸೇರುತ್ತಿದೆಯೇ ಎಂದು ನೋಡಲು ಎಲ್ಲರೂ ಡಿಪ್‌ಸ್ಟಿಕ್ಕು ಎಳೆದು, ಆಯಿಲು ಕಾಫಿಯ ಬಣ್ಣಕ್ಕೆ ತಿರುಗಿದೆಯೇ ಎನ್ನುತ್ತಾರೆ. ಆ ಬಣ್ಣ ಬರುವ ವೇಳೆಗೆ ತಡವಾಗಿರುತ್ತದೆ. ಅದಕ್ಕಿಂತ ಮೊದಲೇ ತಿಳಿಯುವ ಉಪಾಯವೊಂದಿದೆ. ಬಂಡಿ ರಾತ್ರಿಯೆಲ್ಲ ನಿಂತ ಮೇಲೆ, ಚಾಲೂ ಮಾಡುವ ಮುಂಚೆ, ಆಯಿಲ್ ಚೇಂಬರಿನ ಕೆಳಗಿನ ಬೋಲ್ಟನ್ನು ಜೋಪಾನವಾಗಿ ಒಂದೆರಡು ಸುತ್ತು ಸಡಿಲಿಸಬೇಕು. ನೀರು ಆಯಿಲಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿದಿರುತ್ತದೆ. ಇದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಅನೇಕ ಟ್ರಾಕ್ಟರು, ಲಾರಿಗಳಲ್ಲಿ ಸಿಲಿಂಡರಿನ ಲೈನರು ನೇರವಾಗಿ ನೀರಿಗೆ ತಾಕಿಕೊಂಡಿರುತ್ತದೆ. ಪಿಸ್ಟನ್ನಿನ ಹೊಡೆತಕ್ಕೆ ಲೈನರು ನಡುಗಿದಾಗ ಅದರ ಹೊರಮೈಯಲ್ಲಿ ಅತಿ ಸಣ್ಣ ಆವಿಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆದ ಪ್ರತಿ ಸಲವೂ ಲೋಹವನ್ನು ಕಣಕಣವಾಗಿ ಕೆತ್ತುತ್ತವೆ. ಬರಿಯ ನೀರು ಓಡಿಸಿದ ಇಂಜಿನ್ನಿನಲ್ಲಿ ಇದು ವೇಗವಾಗಿ ನಡೆದು ಸೂಜಿಮೊನೆಯಂಥ ತೂತುಗಳಾಗುತ್ತವೆ. ಕೂಲಂಟಿನಲ್ಲಿರುವ ರಾಸಾಯನಿಕಗಳು ಲೈನರಿನ ಮೇಲೆ ತೆಳ್ಳನೆಯ ಪೊರೆ ಕಟ್ಟಿ ಇದನ್ನು ತಡೆಯುತ್ತವೆ. ‘ನಮ್ಮಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇಲ್ಲ, ಕೂಲಂಟು ಏಕೆ?’ ಎಂಬ ಪ್ರಶ್ನೆಗೆ ಇದೇ ಉತ್ತರ.

ಹೊಸ ಲಾರಿಗಳಲ್ಲಿ ಮತ್ತೊಂದು ದಾರಿ ಸೇರಿಕೊಂಡಿದೆ. ೨೦೨೦ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್. ೬ ನಿಯಮದ ಬಂಡಿಗಳಲ್ಲಿ, ಅದಕ್ಕೆ ಹಿಂದಿನ ಕೆಲವದರಲ್ಲೂ, ಹೊಗೆಯ ಒಂದು ಭಾಗವನ್ನು ತಣಿಸಿ ಮತ್ತೆ ಇಂಜಿನ್ನಿಗೆ ಕಳಿಸುವ ಇ.ಜಿ.ಆರ್. ಕೂಲರು ಇರುತ್ತದೆ. ಅದನ್ನು ತಣಿಸುವುದೂ ಇದೇ ನೀರು. ಕೂಲರಿನಲ್ಲಿ ಬಿರುಕು ಬಿಟ್ಟರೆ ನೀರು ಹೊಗೆಯೊಡನೆ ಸುಮ್ಮನೆ ಹೊರಟುಹೋಗುತ್ತದೆ. ಕೆಳಗೆ ಹನಿಯಿಲ್ಲ, ಆಯಿಲು ಶುದ್ಧವಾಗಿದೆ, ನೀರು ಮಾತ್ರ ಇಲ್ಲ. ಇದನ್ನು ನೋಡದೆ ಹೆಡ್ಡು ಬಿಚ್ಚಿದರೆ ಖರ್ಚು ವ್ಯರ್ಥ. ಬಿಚ್ಚುವ ಮುನ್ನ ಆ ಕೂಲರನ್ನು ಪರೀಕ್ಷಿಸಿದಿರಾ ಎಂದು ಮೇಸ್ತ್ರಿಯನ್ನು ಕೇಳುವ ಹಕ್ಕು ಬಂಡಿಯ ಯಜಮಾನನಿಗೆ ಉಂಟು.

ಹೆಡ್ಡು ಬಿಚ್ಚಲೇಬೇಕಾಗಿ ಬಂದರೆ ಗ್ಯಾಸ್ಕೆಟ್ಟನ್ನಷ್ಟೇ ಬದಲಿಸಿ ಮುಚ್ಚಿಸಬೇಡಿ. ಒಮ್ಮೆ ಕಾದ ಹೆಡ್ಡು ಸೊಟ್ಟಗಾಗಿರಬಹುದು. ನೆಟ್ಟನೆಯ ಉಕ್ಕಿನ ಪಟ್ಟಿಯನ್ನು ಅಡ್ಡಲಾಗಿ ಇಟ್ಟು, ಸಂದಿನಲ್ಲಿ ಫೀಲರ್ ಗೇಜು ತೂರುತ್ತದೆಯೇ ಎಂದು ನೋಡಿ, ತೂರಿದರೆ ಮಟ್ಟ ಹೊಡೆಸಬೇಕು. ಈ ಕೆಲಸಕ್ಕೆ ನಮ್ಮ ಕಡೆ ಯಂತ್ರಗಳ ಕೊರತೆಯಿಲ್ಲ. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾಗುವ ತನಕ ಹರಿಹರ ಚಿತ್ರದುರ್ಗ ಜಿಲ್ಲೆಯ ಊರೇ ಆಗಿತ್ತು. ಅಲ್ಲಿ ೧೯೪೧ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತುಗಳಿಗೆ ಹೆಸರಾಗಿತ್ತು.

ಇಂಜಿನ್ನು ಕಾದ ಗಳಿಗೆಯಲ್ಲಿ ಮಾಡಬೇಕಾದದ್ದನ್ನೂ ಹೇಳಬೇಕು. ಮೊದಲನೆಯದಾಗಿ ಗೇಜನ್ನು ಕುರುಡಾಗಿ ನಂಬಬೇಡಿ. ಅದರ ಶಾಖದ ಬೆರಳು ನೀರಿನಲ್ಲಿ ಮುಳುಗಿರುವ ತನಕ ನಿಜ ಹೇಳುತ್ತದೆ. ನೀರೆಲ್ಲ ಸೋರಿಹೋಗಿ ಅದು ಬರಿಯ ಆವಿಯಲ್ಲಿ ನಿಂತರೆ ಮುಳ್ಳು ಕೆಳಕ್ಕೂ ಇಳಿಯಬಹುದು. ಏರುತ್ತಿದ್ದ ಮುಳ್ಳು ಕಾರಣವಿಲ್ಲದೆ ಇಳಿದರೆ ಸಮಾಧಾನಪಡದೆ ಕೂಡಲೆ ನಿಲ್ಲಿಸಿ ನೋಡಬೇಕು. ನೀರು ಇದ್ದು, ಬೆಲ್ಟು ತಿರುಗುತ್ತಿದ್ದು, ಏರಿನ ಹೊರೆಯಿಂದಷ್ಟೇ ಕಾದಿದ್ದರೆ ಬಂಡಿ ನಿಲ್ಲಿಸಿ ಇಂಜಿನ್ನನ್ನು ಕೆಲವು ನಿಮಿಷ ಮೆಲ್ಲಗೆ ಓಡಲು ಬಿಡುವುದು ಲೇಸು. ನೀರಿನ ಸುತ್ತಾಟದಿಂದ ಶಾಖ ಹದವಾಗಿ ಇಳಿಯುತ್ತದೆ. ಬೆಲ್ಟು ತುಂಡಾಗಿದ್ದರೆ, ಪೈಪು ಒಡೆದಿದ್ದರೆ ಆ ಕ್ಷಣವೇ ಆರಿಸಬೇಕು. ಬಿಸಿಯಾದ ಮುಚ್ಚಳಕ್ಕೆ ಕೈ ಹಾಕಲೇಬಾರದು. ಒತ್ತಡ ಬಿಟ್ಟೊಡನೆ ಒಳಗಿನ ನೂರಕ್ಕೂ ಮೀರಿದ ಶಾಖದ ನೀರು ಒಮ್ಮೆಗೇ ಉಗಿಯಾಗಿ ಮುಖಕ್ಕೆ ಎರಚುತ್ತದೆ. ಟವೆಲು ಸುತ್ತಿಕೊಂಡರೆ ಸಾಲದು. ಮೇಲಿನ ಪೈಪನ್ನು ಬರಿಗೈಯಲ್ಲಿ ಹಿಡಿದು ಹಿಸುಕಲು ಬರುವಷ್ಟು ಆರುವ ತನಕ, ಅದು ಅರ್ಧ ಗಂಟೆಯೇ ಆಗಲಿ ಒಂದು ಗಂಟೆಯೇ ಆಗಲಿ, ಕಾಯಬೇಕು. ತಣ್ಣೀರನ್ನು ಕೆಂಡದಂಥ ಇಂಜಿನ್ನಿಗೆ ಸುರಿದು ಹೆಡ್ಡು ಸೀಳಿಸಿಕೊಂಡವರಿಗೆ ಲೆಕ್ಕವಿಲ್ಲ.

ಕೊನೆಗೆ ಯಾವ ನೀರು ಹಾಕಬೇಕು? ಸಾಧಾರಣ ಟ್ರಾಕ್ಟರೊಂದು ಒಟ್ಟು ಹಿಡಿಯುವುದು ಹತ್ತು ಲೀಟರಿನ ಆಸುಪಾಸು. ತಯಾರಕರು ಹೇಳಿದ ಕೂಲಂಟನ್ನು, ಸಾಮಾನ್ಯವಾಗಿ ಅರ್ಧಕ್ಕರ್ಧ, ಬ್ಯಾಟರಿಗೆ ಹಾಕುವ ಶುದ್ಧ ನೀರಿನೊಡನೆ ಬೆರೆಸಿದರೆ ಸಾಕು. ಬಣ್ಣ ನೋಡಿ ಕೂಲಂಟು ಬೆರೆಸಬೇಡಿ. ಹಸುರು, ಕೆಂಪು, ನೀಲಿ ಎಂಬುದು ಕಂಪೆನಿಯ ಇಚ್ಛೆ, ಗುಣದ ಗುರುತಲ್ಲ. ಶುದ್ಧ ನೀರು ದೊರೆಯದ ಹಳ್ಳಿಯಲ್ಲಿ ಮಳೆನೀರಿದೆ. ಮೊದಲ ಮಳೆ ಮಾಡನ್ನು ತೊಳೆದು ಹೋದ ಮೇಲೆ, ಶುಭ್ರವಾದ ಪಾತ್ರೆಯಲ್ಲಿ ಹಿಡಿದು, ಬಟ್ಟೆಯಲ್ಲಿ ಸೋಸಿ ಮುಚ್ಚಿಟ್ಟ ಇಪ್ಪತ್ತು ಲೀಟರಿನ ಒಂದು ಕ್ಯಾನು ವರ್ಷದ ಮೇಲುಭರ್ತಿಗೆ ಒದಗುತ್ತದೆ. ಈಗಾಗಲೇ ಹಕ್ಕಳೆ ಕಟ್ಟಿದ ಇಂಜಿನ್ನಿಗೆ ಕಕ್ಕಸು ತೊಳೆಯುವ ಆಸಿಡ್ಡು ಹಾಕುವವರಿದ್ದಾರೆ; ಅದು ಸುಣ್ಣದ ಜೊತೆಗೆ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಅದಕ್ಕೆಂದೇ ಮಾರುವ ಮೃದುವಾದ ದ್ರಾವಣವನ್ನು ಬಳಸಿ, ಹಲವು ಸಲ ತೊಳೆಯಬೇಕು. ತೊಳೆದ ಮೇಲೆ ಹೊಸ ಸೋರಿಕೆ ಕಂಡರೆ ಆಶ್ಚರ್ಯಪಡಬೇಡಿ. ಆ ತೂತನ್ನು ಅಷ್ಟು ದಿನ ಹಕ್ಕಳೆಯೇ ಮುಚ್ಚಿಕೊಂಡಿತ್ತು.

ಹೊರತೆಗೆದ ಹಳೆಯ ಕೂಲಂಟಿನ ಬಗ್ಗೆ ಎಚ್ಚರವಿರಲಿ. ಸಾಮಾನ್ಯವಾಗಿ ಅದರಲ್ಲಿರುವುದು ಎಥಿಲೀನ್ ಗ್ಲೈಕಾಲ್ ಎಂಬ ವಿಷ, ರುಚಿ ಮಾತ್ರ ಸಿಹಿ. ನಾಯಿ, ಕರು, ಆಡಿನ ಮರಿ ಅದನ್ನು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅದೇ ಅಪಾಯ. ಅಂಗಳದಲ್ಲಿ, ಕೊಟ್ಟಿಗೆಯ ಪಕ್ಕದಲ್ಲಿ, ಬಾವಿಯ ಕಟ್ಟೆಯ ಬಳಿ ಚೆಲ್ಲದೆ, ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲು ಕೊಳ್ಳುವ ಅಂಗಡಿಯಲ್ಲೋ ವರ್ಕ್‌ಷಾಪಿನಲ್ಲೋ ವಿಚಾರಿಸಿ ಒಪ್ಪಿಸಬೇಕು. ಆ ಕ್ಯಾನನ್ನು ಮತ್ತೆ ಕುಡಿಯುವ ನೀರಿಗಾಗಲಿ ಹಾಲಿಗಾಗಲಿ ಬಳಸಕೂಡದು.